ನಾಲ್ಕು ಪದರದ ಕಪ್ಪು ಪಟ್ಟಿ

ಅಷ್ಟೆಲ್ಲ ರಾದ್ಧಾಂತವಾಗಿದ್ದು ಅಕ್ಕ ಮೆಟ್ಟಿಲಿಳಿಯುತ್ತ ಆಡಿದ ಒಂದು ಮಾತಿನಿಂದ. "ಮೂರಕ್ಕೆ ಆಟಕ್ಕೆ ಕೂರ್ತಾನೆ, ನಮ್ಮ ತಮ್ಮನ್ನ ಸ್ವಲ್ಪ ನೋಡ್ಕೊಳ್ಳಿ ಸಾರ್" ಎಂದಳು, ಅಷ್ಟೆ.

ಹೇಳಿದ್ದು ಎದುರುಮನೆಯ ಪೋಸ್ಟ್‌ಮಾಸ್ಟರಿಗೆ. ಅವರು ನಿವೃತ್ತರಾಗಿ ಎಂಟು ವರ್ಷವಾಗಿತ್ತು. ಆದರೂ ಕೈಗೆ ಬಂದದ್ದನ್ನು ಅದೇ ದಿನ ಮನೆಮನೆಗೂ ಮುಟ್ಟಿಸುವ ಅಭ್ಯಾಸ ಮಾತ್ರ ಹೋಗಿರಲಿಲ್ಲ.

ತಮ್ಮ ಟೈಲರ್. ಕೋಟು ಹೊಲಿಯುವುದರಲ್ಲಿ ಹೆಸರು ಮಾಡಿದವನು. ವಯಸ್ಸು ನಲವತ್ತು ದಾಟಿದೆ. ಹದಿನೇಳರಲ್ಲಿ ಅವನಿಗೊಂದು ಕಾಯಿಲೆ ಅಂಟಿಕೊಂಡಿತು: ಪಟಪಟನೆ ಮಿಟುಕುವ ಬೆಳಕು ಕಣ್ಣಿಗೆ ಬಿದ್ದರೆ ಫಿಟ್ಸ್ ಬರುತ್ತದೆ. ಅದೇ ವರ್ಷ ಒಂದು ಹುಚ್ಚೂ ಹಿಡಿಯಿತು, ವಿಡಿಯೊ ಗೇಮಿನದು. ಒಂದೇ ಬೋನಿನಲ್ಲಿ ಇಲಿಯನ್ನೂ ಬೆಕ್ಕನ್ನೂ ಕೂಡಿಹಾಕಿದ ಹಾಗೆ ಎರಡೂ ಅವನ ತಲೆಯೊಳಗೆ ಸೇರಿಕೊಂಡವು.

ಅವನ ಡಾಕ್ಟರು ಒಳ್ಳೆಯವರು. "ಆಡಬೇಡ" ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಅವರು ಹಾಗೆನ್ನದೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, "ಏನಾಡ್ತೀಯ, ಹೇಗೆ ಆಡ್ತೀಯ, ನಂಗೆ ಹೇಳು" ಎಂದು ಕೇಳಿದರು. ಆ ದಿನ ಬರೆದುಕೊಂಡ ನಿಯಮಗಳು ಇವತ್ತಿಗೂ ಅಕ್ಕನ ದುಂಡು ಅಕ್ಷರದಲ್ಲಿ ಗೋಡೆಯ ಮೇಲಿವೆ. ಮಾತ್ರೆ ತಪ್ಪಿಸಕೂಡದು. ನಿದ್ದೆಗೆಟ್ಟ ದಿನ ಆಟವಿಲ್ಲ. ಕೋಣೆಯ ದೀಪ ಉರಿಯುತ್ತಿರಬೇಕು. ಟಿವಿಯಿಂದ ಎಂಟು ಅಡಿ ದೂರ ಕೂರಬೇಕು; ಅದನ್ನು ಅವನು ಅಳತೆಯ ಟೇಪಿನಲ್ಲಿ ಅಳೆದು ನೆಲಕ್ಕೆ ಸೀಮೆಸುಣ್ಣದ ಗೆರೆ ಎಳೆದಿದ್ದ. ಅರ್ಧ ಗಂಟೆಗೊಮ್ಮೆ ಏಳಬೇಕು. ಬೆಳಕು ಮಿಟುಕಿದರೆ ತಕ್ಷಣ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಮುಖ ತಿರುಗಿಸಬೇಕು.

ಈ ನಿಯಮಗಳೊಳಗೇ ಮೂರು ತಿಂಗಳಿಂದ ಅವನೊಂದು ಆಟ ಆಡುತ್ತಿದ್ದ. ಒಬ್ಬ ಅಂಬಿಗ, ಒಂದು ದೋಣಿ, ಮಂಜು ಕವಿದ ಸಮುದ್ರ. ಚಿಕ್ಕಂದಿನಲ್ಲಿ ಕಳೆದುಹೋದ ಅಕ್ಕನನ್ನು ಅಂಬಿಗ ದ್ವೀಪದಿಂದ ದ್ವೀಪಕ್ಕೆ ಹುಡುಕುತ್ತ ಹೋಗುತ್ತಾನೆ. ಆಟದ ತುಂಬ ಮಂಜೇ ಇದ್ದುದರಿಂದ ಕಣ್ಣಿಗೆ ತಂಪಾಗಿತ್ತು. ಕೊನೆಯ ದ್ವೀಪದ ಹತ್ತಿರ ಬಂದಾಗ ಮಾತ್ರ ಪರದೆಯ ಮೇಲೆ ಎಚ್ಚರಿಕೆ ಮೂಡಿತು: ಮುಂದೆ ಬಿರುಗಾಳಿಯಿದೆ, ಮಿಂಚಿದೆ, ಬೆಳಕು ಎಡೆಬಿಡದೆ ಮಿಟುಕುತ್ತದೆ. ಅವನು ಅಲ್ಲೇ ನಿಲ್ಲಿಸಿದ. ದೋಣಿ ಎರಡು ವಾರದಿಂದ ಅಲ್ಲೇ ತೇಲುತ್ತಿತ್ತು.

"ಯಾರೋ ಆಡಿರೋ ವಿಡಿಯೊ ಇರುತ್ತಲ್ಲೋ, ಕೊನೆ ಮಾತ್ರ ನೋಡ್ಬಿಡು" ಎಂದಿದ್ದಳು ಅಕ್ಕ.

"ಯಾರೋ ಊಟ ಮಾಡಿದ್ದು ನೋಡಿದ್ರೆ ನನ್ನ ಹೊಟ್ಟೆ ತುಂಬುತ್ತೇನಕ್ಕ? ಅವನನ್ನ ನಾನೇ ದಡ ಮುಟ್ಟಿಸ್ಬೇಕು."

ಕೊನೆಗೆ ಅವನೇ ಉಪಾಯ ಹುಡುಕಿದ. ಕೋಟಿನ ಲೈನಿಂಗಿನ ಕಪ್ಪು ಬಟ್ಟೆಯನ್ನು ನಾಲ್ಕು ಪದರ ಮಡಿಸಿ, ಅಂಚು ಹೊಲಿದು, ಹಿಂದೆ ಗುಂಡಿ ಇಟ್ಟು ಕಣ್ಣಿಗೆ ಪಟ್ಟಿ ಮಾಡಿದ. ಅದನ್ನು ಕಟ್ಟಿಕೊಂಡು ಟಿವಿಗೆ ಬೆನ್ನು ಹಾಕಿ ಕೂತರೆ ಮಿಂಚಿನ ಒಂದು ಎಳೆಯೂ ಒಳಗೆ ಬಾರದು. ಡಾಕ್ಟರು ಪಟ್ಟಿಯನ್ನು ಕಿಟಕಿಗೆ ಹಿಡಿದು ನೋಡಿ, ನಕ್ಕು, "ಆಗಲಿ, ಪಕ್ಕದಲ್ಲಿ ಒಬ್ಬರಿರಲಿ" ಎಂದರು. ಅಂಗಡಿಯ ರಜಾದಿನ ಮಧ್ಯಾಹ್ನ ಮೂರಕ್ಕೆ ಅಕ್ಕ ಅವನ ಕಣ್ಣಾಗುವುದೆಂದು ನಿಶ್ಚಯವಾಯಿತು. ಬಿರುಗಾಳಿ ಮುಗಿದ ಮೇಲೆ ಪಟ್ಟಿ ಬಿಚ್ಚಿ ಅಂಬಿಗನ ಅಕ್ಕ ಸಿಕ್ಕಳೋ ಇಲ್ಲವೋ ಕಣ್ಣಾರೆ ನೋಡುವುದು. ಅವನಿಗೆ ಬೇಕಾಗಿದ್ದು ಅದೊಂದೇ.

ಆದರೆ ಅಕ್ಕ ಕೆಲಸ ಮಾಡುವ ಲಾಂಡ್ರಿಯಲ್ಲಿ ಅಂದೇ ಜೊತೆಯವಳಿಗೆ ಹಲ್ಲುನೋವು ಬಂತು. ಅಕ್ಕ ಹೋಗಲೇಬೇಕಾಯಿತು. ಹೋಗುವಾಗ ಪೋಸ್ಟ್‌ಮಾಸ್ಟರಿಗೆ ಒಂದು ಮಾತು ಹೇಳಿ ಹೋದಳು.

ಮೂರು ಗಂಟೆಗೆ ಬಾಗಿಲು ತೆರೆದರೆ ಹೊರಗೆ ಮೂವರು ನಿಂತಿದ್ದರು. ಪೋಸ್ಟ್‌ಮಾಸ್ಟರು, ಅವರ ಹಿಂದೆ ಮೇಲ್ಮನೆಯ ಡ್ರೈವಿಂಗ್ ಮೇಡಂ, ಅವರ ಹಿಂದೆ ಕೆಳಮನೆಯ ಅನೌನ್ಸರಮ್ಮ. ಡ್ರೈವಿಂಗ್ ಮೇಡಂ ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವರು. ಅನೌನ್ಸರಮ್ಮ ಬಸ್ ನಿಲ್ದಾಣದ ಮೈಕಿನಲ್ಲಿ ಇಪ್ಪತ್ತೈದು ವರ್ಷ ಬಸ್ಸುಗಳು ಬರುವುದು ಹೋಗುವುದನ್ನು ಸಾರಿದವರು.

"ಏನೋ ಯುದ್ಧ ಇದೆಯಂತೆ, ಬಂದ್ವಿ" ಎಂದರು ಮೇಡಂ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸುತ್ತ.

ಅವರನ್ನು ಹಿಂದಕ್ಕೆ ಕಳಿಸಲು ಅವನಿಗೆ ಬಾಯಿ ಬರಲಿಲ್ಲ. ಹೋದ ವರ್ಷ ಮೆಟ್ಟಿಲ ಮೇಲಿನ ಟ್ಯೂಬ್‌ಲೈಟ್ ಕೆಟ್ಟು ಮಿಟುಕಿ ಅವನು ಅಲ್ಲೇ ಬಿದ್ದಾಗ, ಎಚ್ಚರವಾದ ಮೇಲೆ ಮೊದಲು ಕಂಡದ್ದು ಈ ಮೂರು ಮುಖಗಳನ್ನೇ. ತಲೆಯ ಕೆಳಗೆ ಪೋಸ್ಟ್‌ಮಾಸ್ಟರ ಸ್ವೆಟರ್ ಮಡಿಸಿ ಇಟ್ಟಿತ್ತು. ಮೇಡಂ ಮೆಟ್ಟಿಲಿಗೆ ಅಡ್ಡ ನಿಂತು ಜನರನ್ನು ತಡೆದಿದ್ದರು. ಅನೌನ್ಸರಮ್ಮ ಗಡಿಯಾರ ನೋಡಿ, "ಎರಡು ನಿಮಿಷ ಹತ್ತು ಸೆಕೆಂಡು" ಎಂದು ಡಾಕ್ಟರಿಗೆ ಹೇಳಲೆಂದೇ ಕಾದು ಕೂತಿದ್ದರು.

ಅಂದಿನಿಂದ ಮೂವರೂ ಅವನ ಸುತ್ತ ಬೆಳಕು ಮಿಟುಕದ ಹಾಗೆ ಕಾಯುತ್ತಿದ್ದರು. ಮೇಡಂ ತಮ್ಮ ಕಾರು ಮನೆಯ ಹತ್ತಿರ ತಿರುಗುವಾಗ ಇಂಡಿಕೇಟರ್ ಹಾಕುತ್ತಿರಲಿಲ್ಲ. ಕಿಟಕಿಯಿಂದ ಕೈ ಚಾಚುತ್ತಿದ್ದರು. ಕಲಿಯುವವರು ಇದನ್ನು ನೋಡಿ ಗಾಬರಿಯಾಗುತ್ತಿದ್ದರು. ಪೋಸ್ಟ್‌ಮಾಸ್ಟರಂತೂ ಒಂದು ಹೆಜ್ಜೆ ಮುಂದೆ. ಮಿಟುಕುವ ಬೆಳಕಷ್ಟೇ ಕೆಟ್ಟದ್ದೆಂಬುದು ಅವರಿಗೆ ತಲೆಗೆ ಹೋಗಿರಲಿಲ್ಲ. ಬೆಳಕೆಂದರೇ ಆಗದು ಎಂದು ತಿಳಿದಿದ್ದರು. ಟೈಲರ್ ಅವರ ಮನೆಗೆ ಕಾಲಿಟ್ಟರೆ ಸಾಕು, ಕಿಟಕಿಯ ಪರದೆ ಎಳೆದು ದೀಪ ಆರಿಸುತ್ತಿದ್ದರು. ಒಂದು ವರ್ಷದಿಂದ ಇಬ್ಬರೂ ಕತ್ತಲಲ್ಲೇ ಚಹಾ ಕುಡಿಯುತ್ತಿದ್ದರು. ಒಮ್ಮೆ ಟೈಲರ್ ತನ್ನ ಬಿಸ್ಕತ್ತನ್ನು ಅವರ ಲೋಟದಲ್ಲಿ ಅದ್ದಿದ್ದೂ ಉಂಟು. ನಿಜ ಹೇಳೋಣವೆಂದು ಅವನು ಎಷ್ಟೋ ಸಲ ಅಂದುಕೊಂಡಿದ್ದ. ಆದರೆ ಆ ಮುದುಕರು ಕತ್ತಲಲ್ಲಿ ತಡಕಾಡುತ್ತ ಚಹಾ ಬಗ್ಗಿಸುವುದನ್ನು ಕೇಳಿದಾಗ ಆ ಮಾತನ್ನು ಮುಂದಕ್ಕೆ ಹಾಕಿ ಲೋಟಕ್ಕೆ ಕೈ ಚಾಚುತ್ತಿದ್ದ.

ಅವನು ಪಟ್ಟಿ ಕಟ್ಟಿಕೊಂಡು ಟಿವಿಗೆ ಬೆನ್ನು ಹಾಕಿ ಕೂತ. ಮೂವರೂ ಅವನೆದುರು, ಪರದೆಯ ಕಡೆ ಮುಖ ಮಾಡಿ ಕೂತರು. ದೋಣಿ ತಾನಾಗಿ ಮುಂದೆ ಹೋಗುತ್ತದೆ, ಎಡಕ್ಕೆ ಬಲಕ್ಕೆ ತಿರುಗಿಸುವುದಷ್ಟೇ ತನ್ನ ಕೆಲಸ ಎಂದು ವಿವರಿಸಿದ. ಮೊದಲ ಸರದಿ ಅನೌನ್ಸರಮ್ಮನದು.

ಗುಡುಗಿತು. ಅನೌನ್ಸರಮ್ಮ ಗಂಟಲು ಸರಿಮಾಡಿಕೊಂಡರು.

"ದೋಣಿಯಲ್ಲಿರುವವರ ಗಮನಕ್ಕೆ. ದೋಣಿಯ ಎಡಭಾಗದಿಂದ ಒಂದು ದೊಡ್ಡ ಬಂಡೆಯು ಕೆಲವೇ ಕ್ಷಣಗಳಲ್ಲಿ..."

ಧಡ್ ಎಂದಿತು. ದೋಣಿ ಒಡೆಯಿತು.

"...ಆಗಮಿಸಿದೆ" ಎಂದು ಅವರು ವಾಕ್ಯ ಮುಗಿಸಿದರು.

"ನಿಮ್ಮ ಅನೌನ್ಸ್‌ಮೆಂಟ್ ಮುಗಿಯೋಷ್ಟ್ರಲ್ಲಿ ಬಸ್ಸೇ ಹೊರಟುಹೋಗುತ್ತಮ್ಮ!" ಎಂದರು ಮೇಡಂ. "ಸರೀರಿ, ನಾನು ಮಾಡ್ತೀನಿ. ಮಾತೇ ಬೇಡ. ನಾನು ಯಾವ ಭುಜ ತಟ್ತೀನೋ ಆ ಕಡೆ ತಿರುಗ್ಸು. ಗೊತ್ತಾಯ್ತಾ?"

ಅವರು ಅವನೆದುರು ನಿಂತು, ತಲೆಯ ಮೇಲಿಂದ ಪರದೆ ನೋಡುತ್ತ ಎಡಗೈಯಿಂದ ತಟ್ಟಿದರು. ಎದುರುಬದುರು ನಿಂತವರ ಎಡಗೈ ಬೀಳುವುದು ಬಲಭುಜದ ಮೇಲೆ. ದೋಣಿ ನೇರವಾಗಿ ಬಂಡೆಯನ್ನೇ ಹುಡುಕಿಕೊಂಡು ಹೋಗಿ ಗುದ್ದಿತು. ಜೊತೆಗೆ ಮೇಡಂ ಅಭ್ಯಾಸಬಲದಿಂದ ಬ್ರೇಕ್ ತುಳಿದರು. ಬ್ರೇಕಿನ ಜಾಗದಲ್ಲಿ ಟೈಲರನ ಹೆಬ್ಬೆರಳಿತ್ತು.

"ಅಯ್ಯೋ ಅಮ್ಮಾ!"

"ಫಿಟ್ಸ್ ಬಂತಾ?" ಎಂದು ಮೂವರೂ ಎದ್ದರು. ಪೋಸ್ಟ್‌ಮಾಸ್ಟರು ಸ್ವೆಟರ್ ಬಿಚ್ಚತೊಡಗಿದರು. ಅನೌನ್ಸರಮ್ಮ ಗಡಿಯಾರ ನೋಡಿದರು.

"ಫಿಟ್ಸ್ ಅಲ್ಲ ಸಾರ್, ಮೇಡಂ ಚಪ್ಪಲಿ."

ಆಗ ಟೈಲರನ ಕೈಕಸುಬು ನೆರವಿಗೆ ಬಂತು. "ಮೇಡಂ, ಕೈಗಳನ್ನ ಕತ್ತರಿ ಹಾಗೆ ಅಡ್ಡ ಹಾಕ್ಕೊಳ್ಳಿ. ಒಂದು ಸಲ ತಟ್ಟಿದ್ರೆ ಒಂದಿಂಚು, ಎರಡು ಸಲಕ್ಕೆ ಎರಡಿಂಚು. ನಾನು ಬಟ್ಟೆ ಕತ್ತರಿಸಿದ ಹಾಗೆ ತಿರುಗಿಸ್ತೀನಿ." ಚಪ್ಪಲಿ ಹೊರಗೆ ಹೋಯಿತು. ಪೋಸ್ಟ್‌ಮಾಸ್ಟರು ಪರದೆಯ ಮೇಲೆ ಬರೆದುದನ್ನೆಲ್ಲ ಓದಿಹೇಳುವುದೆಂದಾಯಿತು. ಅನೌನ್ಸರಮ್ಮನಿಗೆ ಬೇಸರವಾಗಬಾರದೆಂದು, ಅಪಾಯ ದಾಟಿದ ಮೇಲೆ ಸಾರುವ ಕೆಲಸ ಕೊಟ್ಟರು.

ಈ ಸಲ ದೋಣಿ ನಡೆಯಿತು. ತಟ್ ಎಂದರೆ ಒಂದಿಂಚು, ತಟ್ ತಟ್ ಎಂದರೆ ಎರಡು. ಬೆನ್ನ ಹಿಂದೆ ಆಕಾಶ ಸೀಳುತ್ತಿತ್ತು. ಪಟ್ಟಿಯೊಳಗೆ ಅವನಿಗೆ ತಣ್ಣನೆ ಕಪ್ಪು, ಭುಜದ ಮೇಲೆ ಬೆಚ್ಚನೆ ಬೆರಳು.

"ಇನ್ನು ಮುನ್ನೂರು ಮಾರು" ಎಂದರು ಪೋಸ್ಟ್‌ಮಾಸ್ಟರು. "ಇನ್ನೂರು... ಬೆನ್ನು ನೆಟ್ಟಗೆ ಕೂತ್ಕೊಳ್ಳಪ್ಪ."

"ಪ್ರಯಾಣಿಕರೇ, ಸುಳಿಯನ್ನು ನಾವು ಸುರಕ್ಷಿತವಾಗಿ ದಾಟಿದ್ದೇವೆ" ಎಂದರು ಅನೌನ್ಸರಮ್ಮ.

"ಬಲಕ್ಕೆ! ಇನ್ನೂ! ಶಭಾಷ್ ಕಣೋ, ಲೈಸೆನ್ಸ್ ಕೊಟ್ಟೆ ನಿಂಗೆ!" ಎಂದು ಮೇಡಂ ಕಿರುಚಿದರು.

ಗುಡುಗು ನಿಂತಿತು. ಎಲ್ಲೋ ಒಂದು ಹಕ್ಕಿ ಕೂಗಿತು. ಮರಳಿಗೆ ದೋಣಿ ತಾಗುವ ಸದ್ದು ಕೇಳಿತು. ಟೈಲರ್ ಉಸಿರು ಬಿಟ್ಟ. ಮೂರು ತಿಂಗಳಾದ ಮೇಲೆ ಕೊನೆಗೂ ದಡ!



"ಸಾರ್, ಮುಗೀತಲ್ಲ? ಪಟ್ಟಿ ಬಿಚ್ಲಾ?" ಎನ್ನುತ್ತ ಕೈ ಹಿಂದಕ್ಕೆ ಒಯ್ದ.

"ಬೇಡ ಬೇಡ! ಬೆಳಕು ಬರ್ತಿದೆ!"

"ಮಿಟುಕ್ತಿದೆಯಾ ಸಾರ್?"

"ಮಿಟುಕೋದೇನು ಬಂತು, ಸೂರ್ಯ ಹುಟ್ತಿದ್ದಾನಪ್ಪ! ಇಡೀ ಆಕಾಶನೇ ಬೆಳಕು! ಹಿಡ್ಕೊಳ್ಳೀಮ್ಮ ಅವನ ಕೈನ!"

ಅನೌನ್ಸರಮ್ಮ ಎರಡು ಕೈಯನ್ನೂ ಗಟ್ಟಿಯಾಗಿ ಹಿಡಿದರು. ಅವನ ಕೈಯಲ್ಲಿದ್ದ ಆಟದ ರಿಮೋಟು ಪೋಸ್ಟ್‌ಮಾಸ್ಟರ ಕೈಗೆ ಹೋಯಿತು.

"ಸಾರ್, ಸೂರ್ಯ ಬಂದ್ರೆ ನಂಗೇನೂ ಆಗಲ್ಲ! ದಿನಾ ಬಿಸಿಲಲ್ಲೇ ಅಂಗಡಿಗೆ ಹೋಗ್ತೀನಲ್ಲ!"

"ಸುಮ್ನಿರಪ್ಪ. ನಮಗೆ ತೊಂದ್ರೆ ಆಗ್ಬಾರ್ದು ಅಂತ ಹಾಗೆ ಹೇಳ್ತೀಯ ನೀನು. ನಿನ್ನ ಸ್ವಭಾವ ನಂಗೊತ್ತಿಲ್ವಾ?"

"ದಯವಿಟ್ಟು ತಾವಿರುವ ಜಾಗದಲ್ಲೇ ಇರಿ" ಎಂದರು ಅನೌನ್ಸರಮ್ಮ ಮೂಗೆಳೆಯುತ್ತ. ಬೆನ್ನ ಹಿಂದೆ ಯಾವುದೋ ಬಾಗಿಲು ತೆರೆದುಕೊಂಡಿತು. ಮೇಡಂ "ಅಯ್ಯೋ" ಎಂದರು, ತುಂಬ ಮೆಲ್ಲಗೆ. ಯಾರೋ ಮೂಗು ಒರೆಸಿಕೊಂಡರು. ಸಂಗೀತ ಏರಿತು, ಇಳಿಯಿತು, ನಿಂತಿತು. ಆಮೇಲೆ ಟಿಂಗ್ ಎಂದು ಸಣ್ಣ ಸದ್ದು.

"ಅದೇನು ಸದ್ದು ಸಾರ್?"

"ಏನಿಲ್ಲ, ಒಂದು ಫಾರಂ ಬಂತು. ತುಂಬಿಬಿಟ್ಟೆ. ಖಾಲಿ ಬಿಡಬಾರದು ನೋಡು."

"ಏನಂತ ಇತ್ತು?"

"ಹೊಸದಾಗಿ ಶುರು ಮಾಡಬೇಕೇ, ಹಳೆಯದೆಲ್ಲ ಅಳಿಸಿಹೋಗುತ್ತದೆ, ಹೌದು, ಇಲ್ಲ ಅಂತ. ಒಳ್ಳೆ ಕೆಲಸಕ್ಕೆ ಇಲ್ಲ ಅನ್ನಬಾರದು ಅಂತ ಹೌದು ಒತ್ತಿದೆ."

ಈಗ ಕೈ ಬಿಟ್ಟರು. ಪಟ್ಟಿ ಬಿಚ್ಚಿ ತಿರುಗಿ ನೋಡಿದರೆ ಮಂಜು. ಮೊದಲ ದಿನದ ಮಂಜು, ಮೊದಲ ದಿನದ ದಡ. ಅಂಬಿಗ ದೋಣಿಗೆ ಹಗ್ಗ ಕಟ್ಟುತ್ತ, ಮೂರು ತಿಂಗಳ ಹಿಂದಿನಂತೆಯೇ, ಅಕ್ಕನನ್ನು ಹುಡುಕಲು ಹೊರಟಿದ್ದ.

ಆರು ಗಂಟೆಗೆ ಅಕ್ಕ ಬಂದಳು. ಚಪ್ಪಲಿ ಬಿಡುವ ಮುಂಚೆಯೇ ಕೇಳಿದಳು, "ಸಿಕ್ಕಿದ್ಲಾ?"

"ಸಿಕ್ಕಿದ್ಲು, ಇಬ್ರೂ ತಬ್ಬಿಕೊಂಡ್ರು" ಎಂದರು ಅನೌನ್ಸರಮ್ಮ.

"ಎಲ್ಲಿ ತಬ್ಬಿಕೊಂಡ್ರು? ಅವನು ದೋಣಿಯಿಂದ ಇಳೀಲೇ ಇಲ್ಲ. ದೂರದಿಂದ ಕೈ ಬೀಸಿದ, ಅಷ್ಟೆ" ಎಂದರು ಮೇಡಂ.

"ಇಬ್ರೂ ಸರಿಯಾಗಿ ನೋಡಿಲ್ಲ. ಬಾಗಿಲು ತೆಗೆದೋಳು ಅಕ್ಕನೇ ಅಲ್ಲ, ಅಕ್ಕನ ವಿಳಾಸ ಗೊತ್ತಿದ್ದ ಮನೆಯೋಳು" ಎಂದರು ಪೋಸ್ಟ್‌ಮಾಸ್ಟರು. "ಇರಲಿ, ನಾಳೆಯಿಂದ ಮೊದಲಿಂದ ಆಡ್ತೀವಲ್ಲ, ಆಗ ಗೊತ್ತಾಗುತ್ತೆ. ಅಂಗಡಿ ಮುಚ್ಚಿದ ಮೇಲೆ ಎಲ್ಲರೂ ಬಂದ್ಬಿಡೋದು."

ಅಕ್ಕ ತಮ್ಮನ ಮುಖ ನೋಡಿದಳು, ಪರದೆಯ ಮೇಲಿನ ಮಂಜನ್ನು ನೋಡಿದಳು. ಎಲ್ಲ ಅರ್ಥವಾಗಿ, ನಗು ತಡೆಯಲಾರದೆ ಚಹಾ ಮಾಡುವ ನೆಪದಲ್ಲಿ ಒಳಗೆ ಓಡಿದಳು.

ಚಹಾ, ಬಿಸ್ಕತ್ತು ಬಂದವು. ಮೇಡಂ ಬೆರಳು ಊದಿತ್ತು. ತಟ್ಟಿ ತಟ್ಟಿ ಊದಿದ್ದನ್ನು ಅವರು ಯಾರಿಗೂ ತೋರಿಸಲಿಲ್ಲ, ಲೋಟವನ್ನು ಎಡಗೈಗೆ ಬದಲಾಯಿಸಿಕೊಂಡರು. ಟೈಲರ್ ಅದನ್ನು ನೋಡಿದ. ಆದರೂ ಇವತ್ತು ನಿಜ ಹೇಳಿಯೇ ಬಿಡಬೇಕು. ಇಲ್ಲದಿದ್ದರೆ ಇನ್ನು ಮೂರು ತಿಂಗಳಿಗೆ ಮತ್ತೆ ಇದೇ ಸೂರ್ಯ, ಇದೇ ಪಟ್ಟಿ.

"ಸಾರ್, ಒಂದು ಮಾತು" ಎಂದ. "ಈ ಬೆಳಕಿನ ವಿಷಯ..."

"ಗೊತ್ತಾಯ್ತು ಬಿಡಪ್ಪ, ನನ್ನದೇ ತಪ್ಪು, ಮರ್ತೇಬಿಟ್ಟಿದ್ದೆ" ಎಂದು ಪೋಸ್ಟ್‌ಮಾಸ್ಟರು ಗಡಬಡಿಸಿ ಎದ್ದರು. ಮೊಣಕಾಲು ಹಿಡಿದುಕೊಂಡು ಹೋಗಿ ಟಿವಿ ಆರಿಸಿದರು, ಕಿಟಕಿಯ ಪರದೆ ಎಳೆದರು, ಕೊನೆಗೆ ಕೋಣೆಯ ದೀಪವನ್ನೂ ಆರಿಸಿದರು. ಕುರ್ಚಿಗೆ ಎಡವಿ, ಸಾವರಿಸಿಕೊಂಡು ಅವನ ಪಕ್ಕದಲ್ಲೇ ಬಂದು ಕೂತರು. "ಈಗ ಹಾಯಾಗಿದೆಯಾ? ಹೇಳು, ಏನೋ ಹೇಳ್ತಿದ್ದೆ."

ಕತ್ತಲಲ್ಲಿ ನಾಲ್ಕು ಲೋಟಗಳ ಸಣ್ಣ ಸದ್ದು. ಎಲ್ಲರೂ ಅವನ ಮಾತಿಗೆ ಕಾಯುತ್ತಿದ್ದರು.

"ಏನಿಲ್ಲ ಸಾರ್" ಎಂದ ಟೈಲರ್. "ತುಂಬಾ ಉಪಕಾರ ಆಯ್ತು."

ಹಾಗೆಂದು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದ.

"ಅದು ನನ್ನ ಲೋಟ ಕಣಪ್ಪ" ಎಂದರು ಪೋಸ್ಟ್‌ಮಾಸ್ಟರು.