ಹೆಂಡತಿಯ ಎಂಬಿಎ, ಯಜಮಾನರ ವರ್ಗಾವಣೆ

ಕನ್ನಡಕದಂಗಡಿಯ ಯಜಮಾನರ ಹೆಂಡತಿ ನಲವತ್ತೊಂದನೆಯ ವಯಸ್ಸಿನಲ್ಲಿ ಎಂಬಿಎ ಓದಲು ಹೊರಟಾಗ ಆಕೆಗಿದ್ದದ್ದು ಒಂದೇ ಆಸೆ: ವ್ಯಾಪಾರವೆಂದರೇನು ಎಂಬುದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಮಿಕ್ಕ ಆಸೆಗಳನ್ನೆಲ್ಲ ಯಜಮಾನರೇ ವಹಿಸಿಕೊಂಡರು.

ತರಗತಿ ಶನಿವಾರ, ಭಾನುವಾರ ಮಾತ್ರ. ಆಕೆ ಮೊದಲ ದಿನದ ಪಾಠ ಮುಗಿಸಿ ಬರುವಷ್ಟರಲ್ಲಿ ಇವರು, ಇನ್ನೆರಡು ವರ್ಷಕ್ಕೆ ನಮ್ಮವಳು ದೊಡ್ಡ ಕಂಪನಿಯ ಜನರಲ್ ಮ್ಯಾನೇಜರು ಎಂದು ಗಿರಾಕಿಗಳಿಗೆಲ್ಲ ಸಾರಿಬಿಟ್ಟಿದ್ದರು. (ಅಂಗಡಿ ಮುಚ್ಚುವ ಹೊತ್ತಿಗೆ ಅದು ಮ್ಯಾನೇಜಿಂಗ್ ಡೈರೆಕ್ಟರ್ ಆಗಿತ್ತು.) ಕಣ್ಣು ಪರೀಕ್ಷೆಗೆ ಕುಳಿತವರು ಗೋಡೆಯ ಮೇಲಿನ ಅಕ್ಷರ ಓದಲು ಬಾಯಿ ತೆರೆದರೆ, ಇವರು ಹೆಂಡತಿಯ ಪಠ್ಯಕ್ರಮ ಓದಿ ಹೇಳುತ್ತಿದ್ದರು.

ಮೊದಲ ಸೆಮಿಸ್ಟರಿನಲ್ಲಿ ಆಕೆಗೆ ಇಪ್ಪತ್ತಾರನೆಯ ಸ್ಥಾನ ಬಂತು. ಆಕೆ ಹಾಯಾಗಿ ಊಟ ಮಾಡಿದಳು. ಯಜಮಾನರು ತಟ್ಟೆಯನ್ನು ಪಕ್ಕಕ್ಕೆ ತಳ್ಳಿದರು.

"ಹೀಗಾದ್ರೆ ಕಂಪನಿಯೋರು ನಿನ್ನನ್ನ ಯಾಕೆ ಕರೀತಾರೆ ಹೇಳು?"

"ಕರೀದಿದ್ರೆ ಬಿಡ್ಲಿ ರೀ. ನಾನು ಕಲಿಯೋಕೆ ಹೋಗ್ತಿರೋದು, ಸ್ವಯಂವರಕ್ಕಲ್ಲ."

ಮೊದಲ ಸ್ಥಾನ ಪಡೆದ ಹುಡುಗಿ ತನಗೆ ಲೆಕ್ಕ ಹೇಳಿಕೊಡುತ್ತಾಳೆಂದು ಆಕೆ ಖುಷಿಯಾಗಿದ್ದರೆ, ಇವರು ಆ ಹುಡುಗಿಯ ಮೇಲೆ ಎರಡು ವರ್ಷ ಹಲ್ಲು ಮಸೆದರು. ಆಕೆ ಗೊರಕೆ ಹೊಡೆದಳು, ಇವರು ಆಕೆಯ ಭವಿಷ್ಯ ನೆನೆದು ಹೊರಳಾಡಿದರು.

ಕೊನೆಗೆ ವಿದ್ಯಾರ್ಥಿಗಳು ತಮ್ಮ ಅಧ್ಯಯನ ಮಂಡಿಸುವ ದಿನ ಬಂತು. ಕಂಪನಿಗಳ ಅಧಿಕಾರಿಗಳೂ ಬರುತ್ತಾರೆಂದು ಕೇಳಿ ಯಜಮಾನರು ಅಂಗಡಿಗೆ ರಜೆ ಹಾಕಿ, ಹೊಸ ಕೋಟು ತೊಟ್ಟು ಮುಂದಿನ ಸಾಲಿನಲ್ಲೇ ವಿರಾಜಮಾನರಾದರು.

ಆಕೆಯ ವಿಷಯ, ಒಂದು ಸಣ್ಣ ಅಂಗಡಿಗೆ ಒಮ್ಮೆ ಬಂದ ಗಿರಾಕಿಗಳು ಮತ್ತೆ ಯಾಕೆ ಬರುವುದಿಲ್ಲ ಎಂಬುದು. ಎಂಬತ್ತು ಜನರನ್ನು ವಿಚಾರಿಸಿದ್ದಳಂತೆ. ಬೆಲೆಯ ಬಗ್ಗೆ ಯಾರಿಗೂ ತಕರಾರಿಲ್ಲ, ಮಾಲೂ ಚೆನ್ನಾಗಿದೆ. ಅರವತ್ತೊಂದು ಜನ ಕೊಟ್ಟ ಕಾರಣ ಒಂದೇ: ಅಂಗಡಿಯವರ ಬಾಯಿ. ಐದು ನಿಮಿಷದ ಕೆಲಸಕ್ಕೆ ಹೋದರೆ ಒಂದು ಗಂಟೆ ಬಿಡುವುದಿಲ್ಲ.

ಸಭೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಯಜಮಾನರು. ಇಂಥ ವಾಚಾಳಿಗಳೂ ಇರುತ್ತಾರಲ್ಲ ಎಂದು ಪಕ್ಕದವರ ತೊಡೆ ತಟ್ಟಿದರು. ಅಷ್ಟರಲ್ಲಿ ಪರದೆಯ ಮೇಲೆ ಒಂದು ಚಿತ್ರ ಮೂಡಿತು. ಗಿರಾಕಿಯೊಬ್ಬರು ಹಿಂದೆ ಹಿಂದೆ ಸರಿಯುತ್ತ ಬಾಗಿಲು ತಲುಪಿದ್ದಾರೆ. ಅವರ ತೋಳು ಹಿಡಿದು, ಬಾಯಿ ತೆರೆದು ನಿಂತವರು ಸಾಕ್ಷಾತ್ ಇವರೇ.

ಪರಿಹಾರವನ್ನೂ ಆಕೆ ಹೇಳಿದಳು. ಇವರಷ್ಟು ನಯವಾಗಿ ಮಸೂರ ಉಜ್ಜುವ ಕೈ ಇನ್ನೊಂದಿಲ್ಲ, ಆದ್ದರಿಂದ ಇವರನ್ನು ಹಿಂದಿನ ಕೋಣೆಯ ಯಂತ್ರಕ್ಕೆ ವರ್ಗಾಯಿಸತಕ್ಕದ್ದು. ಅಧಿಕಾರಿಯೊಬ್ಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಅಲ್ಲೇ ಕೆಲಸಕ್ಕೂ ಕರೆದರು. ಆಕೆ ನಯವಾಗಿ ಬೇಡವೆಂದಳು.

ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದ ಯಜಮಾನರು ಮನೆ ಹತ್ತಿರವಾದಾಗ ಬಾಯಿಬಿಟ್ಟರು. "ಬಂದ ಕೆಲಸಾನ ಯಾಕೆ ಬಿಟ್ಟೆ?"

"ನಂಗೆ ನಮ್ಮ ಅಂಗಡೀನೇ ಇಷ್ಟ ಕಣ್ರೀ. ನೀವೂ ಅಷ್ಟೇ. ನಮ್ಮಿಬ್ಬರನ್ನೂ ಸರಿಯಾದ ಜಾಗದಲ್ಲಿ ಇಡಬೇಕಿತ್ತು."

ಯಜಮಾನರು ಹಿಂದಿನ ಕೋಣೆ ಸೇರಿದ ತಿಂಗಳೊಳಗೆ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು. ಒಂದು ಮಧ್ಯಾಹ್ನ ಹಳೆಯ ಗಿರಾಕಿಯೊಬ್ಬರು ಬಾಗಿಲಲ್ಲೇ ನಿಂತು, ಯಜಮಾನರು ಇಲ್ಲವೇ ಎಂದು ಗಲ್ಲಾದಲ್ಲಿದ್ದ ಆಕೆಯನ್ನು ಮೆಲ್ಲಗೆ ಕೇಳಿದರು.

"ಒಳಗಿದ್ದಾರೆ. ಕರೀಲಾ?"

"ಬೇಡಮ್ಮ, ಪಾಪ, ಅವರು ಅಲ್ಲೇ ಇರ್ಲಿ," ಎಂದು ಗಿರಾಕಿ ನೆಮ್ಮದಿಯಿಂದ ಒಳಬಂದು ಕುಳಿತರು.

ಯಜಮಾನರಿಗೆ ಎಲ್ಲವೂ ಕೇಳಿಸಿತು. ತಕ್ಕ ಉತ್ತರ ಕೊಡಲು ಎದ್ದೇ ಎದ್ದರು. ಆದರೆ ಸಂಜೆಯೊಳಗೆ ಉಜ್ಜಬೇಕಾದ ನಲವತ್ತು ಮಸೂರಗಳು ತಟ್ಟೆಯಲ್ಲಿ ಕಾಯುತ್ತಿದ್ದವು. ಮತ್ತೆ ಕುಳಿತು, ಆ ಉತ್ತರವನ್ನೆಲ್ಲ ಯಂತ್ರಕ್ಕೇ ವಿವರವಾಗಿ ಹೇಳತೊಡಗಿದರು.