ಮೂವತ್ತು ವರ್ಷ ಬಾಳುವ ಚಾಕು

ವರ ಎರಡು ಹೊತ್ತೂ ಬ್ರೆಡ್ಡು ತಿನ್ನುತ್ತಾನೆ ಎಂದು ಮಡಿವಾಳಪ್ಪ ಹೇಳಿದ್ದೇ ಅಂದಾನಪ್ಪನ ತಲೆ ಕೆಡಲು ಸಾಕಾಯಿತು. ಮಡಿವಾಳಪ್ಪ ಬನವಾಸಿ ಕಡೆಯ ಸಂಬಂಧಗಳನ್ನು ಕುದುರಿಸುವ ಮನುಷ್ಯ. ಅವನು ಸುಳ್ಳು ಹೇಳುವವನಲ್ಲ. ನಿಜವನ್ನು ಅರ್ಧಕ್ಕೆ ನಿಲ್ಲಿಸುವವನು. ಹುಡುಗ ಮುಂಬಯಿ ಕಂಪನಿಯಲ್ಲಿ ಇದ್ದವನು, ರೊಟ್ಟಿ ಮುಟ್ಟುವುದಿಲ್ಲ, ಶನಿವಾರ ಮಧ್ಯಾಹ್ನ ಕನ್ಯೆ ನೋಡಲು ಬರುತ್ತಾರೆ ಎಂದಷ್ಟೇ ಹೇಳಿ, ಚಹಾ ಕುಡಿದು ಎದ್ದುಹೋದ.

ಅಂದಾನಪ್ಪ ಶಿರಸಿ ಪೇಟೆಯಲ್ಲಿ ಜೋಳ, ಮೆಣಸಿನಕಾಯಿ ಮಾರಿಕೊಂಡಿದ್ದವನು. ಬಿಳಿ ಸಾಹೇಬರು ದೇಶ ಬಿಟ್ಟು ಹೋಗಿದ್ದರು, ಜಿಲ್ಲೆಯೂ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿತ್ತು. ಅಂದಾನಪ್ಪ ಮಾತ್ರ ಇನ್ನೂ ಕೋಟು ಕಂಡರೆ ಎದ್ದು ನಿಲ್ಲುತ್ತಿದ್ದ. ಬ್ರೆಡ್ಡು ತಿನ್ನುವ ಅಳಿಯನೆಂದರೆ ಸಾಹೇಬನೇ ಸರಿ, ಸಾಹೇಬನ ಬ್ರೆಡ್ಡನ್ನು ಬದನೆಕಾಯಿ ಹೆಚ್ಚುವ ಈಳಿಗೆಯಲ್ಲಿ ಕೊಯ್ದರೆ ಮಾನ ಹೋಗುತ್ತದೆ ಎಂದು ಅವನು ತೀರ್ಮಾನಿಸಿದ. ಅದಕ್ಕೆ ಹಲ್ಲಿರುವ ಉದ್ದನೆಯ ಚಾಕುವೇ ಬೇಕು. ಅದೂ ಮೊಮ್ಮಕ್ಕಳ ಕಾಲದವರೆಗೆ ಬಾಳಬೇಕು. ತನ್ನ ಮದುವೆಯಲ್ಲಿ ಕೊಟ್ಟ ಕೊಡೆಯನ್ನು ಇಂದಿಗೂ ಹೊಲಿಸಿ ಹೊಲಿಸಿ ಹಿಡಿಯುತ್ತಿದ್ದ ಜಿಪುಣ ಇನ್ನೇನು ಕೇಳಿಯಾನು!

"ಯಪ್ಪಾ, ಅಂವ ಬ್ರೆಡ್ಡ ಯಾಕ ತಿಂತಾನಂತ ಒಂದ್ ಮಾತು ಕೇಳಬೇಕಿತ್ತು" ಎಂದಳು ಮಗಳು ಅನ್ನಪೂರ್ಣ, ಒಲೆಯ ಮುಂದೆ ರೊಟ್ಟಿ ಬಡಿಯುತ್ತ.

"ಸಾಹೇಬ್ರು ಯಾಕ ತಿಂತಾರಂತ ಯಾರರ ಕೇಳ್ತಾರೇನ? ನೀ ಸುಮ್ನ ರೊಟ್ಟಿ ಬಡಿ."

ಆ ಕಾಲದ ಶಿರಸಿಯಲ್ಲಿ ಬ್ರೆಡ್ಡು ಕಾಯಿಲೆಯವರ ಆಹಾರ. ಡಾಕ್ಟರು ಅನ್ನ ಬಿಡಿಸಿ ಬ್ರೆಡ್ಡು ಹಿಡಿಸಿದರೆಂದರೆ ನೆಂಟರು ಮೂಸಂಬಿ ಕಟ್ಟಿಕೊಂಡು ನೋಡಲು ಹೊರಡುತ್ತಿದ್ದರು. ಗಟ್ಟಿಮುಟ್ಟಾದವನು ಬ್ರೆಡ್ಡು ತಿಂದದ್ದನ್ನು ಯಾರೂ ಕಂಡಿರಲಿಲ್ಲ. ಇದು ಅಂದಾನಪ್ಪನಿಗೂ ಗೊತ್ತಿತ್ತು. ಆದರೆ ಮುಂಬಯಿ ಎಂಬ ಹೆಸರು ಕಿವಿಗೆ ಬಿದ್ದ ಮೇಲೆ ಗೊತ್ತಿದ್ದದ್ದೆಲ್ಲ ಅವನಿಗೆ ಹಳ್ಳಿಗಮಾರರ ಮಾತಾಗಿ ಕಂಡಿತು.

ಶನಿವಾರ ಬೆಳಿಗ್ಗೆ ಶಾಂತಾರಾಮನ ಪಾತ್ರೆ ಅಂಗಡಿಗೆ ಹೋದ.

"ಮನೇಲಿ ಯಾರಿಗೆ ಹುಷಾರಿಲ್ಲ ಸಾವ್ಕಾರ್ರೇ?" ಚಾಕುವಿನ ಮಾತೆತ್ತಿದ ಕೂಡಲೇ ಶಾಂತಾರಾಮ ಕೇಳಿದ.

"ಯಾರಿಗೂ ಏನೂ ಆಗಿಲ್ಲ. ನೀ ಚಾಕು ತೋರ್ಸು."

ಮೊದಲನೆಯದನ್ನು ಅಂದಾನಪ್ಪ ಮೊಣಕಾಲಿಗೆ ಕೊಟ್ಟು ಬಗ್ಗಿಸಿದ. ಅದು ಬಗ್ಗಿ ಹಾಗೇ ಉಳಿಯಿತು. ಎರಡನೆಯದನ್ನು ಕಟ್ಟೆಗೆ ಕುಟ್ಟಿದ; ಹಿಡಿ ಕೈಯಲ್ಲಿ ಉಳಿದು ಅಲಗು ಗೋಣಿಚೀಲದ ಹಿಂದೆ ಹಾರಿತು. ಶಾಂತಾರಾಮ ಬಾಯಲ್ಲಿ ಏನೋ ಅಂದುಕೊಳ್ಳುತ್ತ ಒಳಗಿನಿಂದ ಮೂರನೆಯದನ್ನು ತಂದ. ಯಾವುದೋ ಬಂಗಲೆಯ ಸಾಮಾನು ಹರಾಜಾದಾಗ ಸಿಕ್ಕಿದ್ದಂತೆ. ಬೆನ್ನು ದಪ್ಪ, ಅಲಗು ಹಿಡಿಯ ತುದಿಯವರೆಗೂ ಹೋಗಿ ಮೂರು ಕಡೆ ಮೊಳೆ ಬಡಿಸಿಕೊಂಡಿತ್ತು. ಅಂದಾನಪ್ಪ ಅದರಿಂದ ಒಂದು ತೆಂಗಿನ ಕರಟ ಕೊಯ್ದ, ಆಮೇಲೆ ಅಂಗಡಿಯ ಹಲಗೆಗೇ ಕೈಹಾಕಿದ.

"ನನ್ನ ಹಲಗೆ ಎಂತಕ್ಕೆ ಕೊಯ್ತೀರಿ? ಬ್ರೆಡ್ಡು ತಂದು ಕೊಯ್ರಿ."

"ದಿನಾ ಎರಡು ಹೊತ್ತು ಬ್ರೆಡ್ಡ ಕೊಯ್ದ್ರ ಮೂವತ್ತು ವರ್ಷ ಬರತೈತೇನ?"

"ನಾನು, ನೀವು ಹೋದ್ರೂ ಅದು ಇರ್ತದೆ."

ಪಕ್ಕದಲ್ಲಿ ತಂಬಿಗೆ ಆರಿಸುತ್ತಿದ್ದ ನಾಗಪತಿ ಹೆಗಡೆ ಇದನ್ನೆಲ್ಲ ಕೇಳಿಸಿಕೊಂಡ. ಅಂದಾನಪ್ಪನ ಪಕ್ಕದ ಮನೆಯವನು, ಪರರ ಕಷ್ಟವೆಂದರೆ ಊಟ ಬಿಟ್ಟು ಓಡುವವನು. ತಂಬಿಗೆಯನ್ನು ಅಲ್ಲೇ ಇಟ್ಟು ಮನೆಗೆ ಹೋಗಿ ಹೆಂಡತಿಯನ್ನು ಕರೆದ.

"ಕೇಳ್ಚನೇ, ಅಂದಾನಪ್ಪನ ಮನೆಲಿ ಯಾರಿಗೋ ಹುಷಾರಿಲ್ಯಡ. ಇನ್ನು ಮೂವತ್ತು ವರ್ಷ ಬ್ರೆಡ್ಡೇ ಅಡ. ಆನೇ ಕಿವಿಯಾರೆ ಕೇಳ್ಕಂಡು ಬಂದೆ."

ಅತ್ತ ಅಂದಾನಪ್ಪ ಬ್ರೆಡ್ಡು ಕೊಂಡು ಕಂಕುಳಲ್ಲಿ ಇರುಕಿಕೊಂಡು, ಚಾಕುವನ್ನು ಎಲ್ಲರಿಗೂ ಕಾಣುವಂತೆ ಹಿಡಿದು, ಬೇಕೆಂದೇ ಪೇಟೆಯ ನಡುವೆ ನಡೆದ. ಕಂಡವರೆಲ್ಲ ಯಾರಿಗೆ ಏನಾಯಿತೆಂದು ಕೇಳಿದರು. "ನಮ್ಮ ಮನಿಯಾಗ ಇನ್ನ ಮ್ಯಾಲೆ ಬ್ರೆಡ್ಡೇರಿ" ಎಂದು ಅವನು ಮೂಗೇರಿಸಿ ಮುಂದೆ ಹೋದ. ಜನರ ಮುಖ ಸಣ್ಣದಾದದ್ದನ್ನು ಕಂಡು ಹೊಟ್ಟೆಕಿಚ್ಚೆಂದು ಹಿಗ್ಗಿದ.

ಮನೆಗೆ ಬಂದರೆ ಪಡಸಾಲೆ ತುಂಬ ಓಣಿಯ ಜನ. ಹೆಗಡೆ ಕಂಬಕ್ಕೆ ಒರಗಿ, ಹೀಗೇ ಬ್ರೆಡ್ಡು ಹಿಡಿದು ಒಂದೇ ತಿಂಗಳಲ್ಲಿ ತೀರಿಹೋದ ಯಲ್ಲಾಪುರದ ಷಡ್ಡಕನ ಕತೆ ಹೇಳುತ್ತಿದ್ದ. ಹಿಂದಿನ ಮನೆಯ ದುರ್ಗಮ್ಮ ಅನ್ನಪೂರ್ಣಳ ಹಣೆಗೆ ವಿಭೂತಿ ಹಚ್ಚಿ, ಈಗ ಅಂದಾನಪ್ಪನ ಹೆಂಡತಿ ಮುರಿಗೆವ್ವನ ಕಣ್ಣಿನ ರೆಪ್ಪೆ ಎಳೆದು ನೋಡುತ್ತಿದ್ದಳು.

"ಯಾರಿಗಂತ ಹೇಳಬಾರದಾ ಯವ್ವಾ? ನಾವೇನ್ ಹೊರಗಿನವ್ರಾ?"

"ನಮ್ಮನಿಯಾಗ ಯಾರಿಗೂ ಜಡ್ಡಿಲ್ಲ!" ಅಂದಾನಪ್ಪ ಬಾಗಿಲಲ್ಲೇ ಕೂಗಿದ.

"ಪಾಪ, ಮನಸ್ಸು ಒಪ್ಪೂದಿಲ್ಲ ಅವ್ರಿಗೆ" ಎಂದ ಹೆಗಡೆ ಉಳಿದವರಿಗೆ.

ಅಷ್ಟರಲ್ಲಿ ಗಂಡಿನವರು ಬಂದೇಬಿಟ್ಟರು. ಮುಂದೆ ವರನ ತಂದೆ ಬಸಪ್ಪ, ಹಿಂದೆ ಮಡಿವಾಳಪ್ಪ. ಇಬ್ಬರ ನಡುವೆ ಕೋಟು ಹಾಕಿ, ಕುತ್ತಿಗೆಗೆ ಮಫ್ಲರು ಸುತ್ತಿದ್ದ ಮಂಜಪ್ಪ. ಬೆಳ್ಳಗೆ, ಸಣ್ಣಗೆ, ನೋಡಲು ಲಕ್ಷಣವಾಗಿದ್ದ.

"ಬಸ್ ಸ್ಟ್ಯಾಂಡಿನಾಗ ನಿಮ್ಮ ಮನಿ ಎಲ್ಲೈತ್ರಿ ಅಂದ್ವಿ" ಎಂದ ಬಸಪ್ಪ. "ಬ್ರೆಡ್ಡಿನ ಮನಿ ಏನ್ರಿ ಅಂತ ಕೇಳಿದ್ರು."

ಅಂದಾನಪ್ಪನಿಗೆ ಥಟ್ಟನೆ ಅರ್ಥವಾಯಿತು. ಸುದ್ದಿ ಇವರ ಕಿವಿಗೂ ಬಿದ್ದಿದೆ. ಇನ್ನು ನೀರು ಕುಡಿದು ಎದ್ದುಹೋಗುತ್ತಾರೆ. ಕಾಯಿಲೆಯ ಮನೆಯ ಹುಡುಗಿಯೆಂದು ಆಮೇಲೆ ಬನವಾಸಿಯಿಂದ ಹಾವೇರಿಯವರೆಗೆ ಒಬ್ಬನೂ ಇತ್ತ ತಲೆ ಹಾಕುವುದಿಲ್ಲ. ಅವನಿಗೆ ಆಗ ಹೊಳೆದದ್ದು ಒಂದೇ ಉಪಾಯ. ಎಲೆ ಅಡಿಕೆ ಕೈಬದಲಾದರೆ ಮಾತು ಮುಗಿಯಿತು, ಆಮೇಲೆ ಯಾರೂ ಹಿಂದೆ ಸರಿಯುವಂತಿಲ್ಲ. ಮುರಿಗೆವ್ವನ ಕೈಯಿಂದ ಎಲೆ ಅಡಿಕೆಯ ತಟ್ಟೆ ಕಸಿದುಕೊಂಡು ಬಸಪ್ಪನ ಮುಂದೆ ಹಿಡಿದ.

"ಹುಡುಗಿ ಆಮ್ಯಾಲೆ ನೋಡ್ರಿ. ಮೊದ್ಲು ಮಾತು ಆಗ್ಲಿ. ಓಣಿ ಮಂದಿ ಎಲ್ಲಾ ಸಾಕ್ಷಿ ಅದಾರ."

ಬಸಪ್ಪ ಮಗನ ಮುಖ ನೋಡಿದ. ಮಡಿವಾಳಪ್ಪ ಮಾಡಿನ ತೊಲೆ ನೋಡುತ್ತಿದ್ದ. ಮರುಕ್ಷಣ ಎಲೆ ಅಡಿಕೆ ಬಸಪ್ಪನ ಶಲ್ಯದಲ್ಲಿ ಗಂಟಾಗಿತ್ತು.

ಗೆದ್ದೆನೆಂದುಕೊಂಡ ಅಂದಾನಪ್ಪ ಗತ್ತಿನಿಂದ ಕುಳಿತು ಹೊಸ ಚಾಕುವಿನಲ್ಲಿ ಬ್ರೆಡ್ಡು ಕೊಯ್ದ. ಒಂದು ಹೋಳೂ ಮುರಿಯಲಿಲ್ಲ. ಅದನ್ನು ಕಂಡು ಬಸಪ್ಪ ಕಣ್ಣೊರೆಸಿಕೊಂಡ.

"ನಮಗೂ ಈಗ ಮುಚ್ಚಿಡೋದು ಏನೈತ್ರಿ? ಮಂಜಪ್ಪಗ ಹೊಟ್ಟಿ ಹುಣ್ಣು. ಕಂಪನಿಯವ್ರು ನೌಕರಿ ಬಿಡಿಸಿ ಕಳಿಸ್ಯಾರ. ಬ್ರೆಡ್ಡು, ಹಾಲು ಬಿಟ್ರ ಏನೂ ದಕ್ಕೂದಿಲ್ಲ. ಹೋದ ಹೋದಲ್ಲಿ ಮಂದಿ ಬಾಗಿಲಾ ಹಾಕ್ಕೊಂಡ್ರು. ನಿಮ್ಮ ಮನಿಯಾಗೂ ಒಬ್ರು ಬ್ರೆಡ್ಡಿನ ಮ್ಯಾಲೇ ಅದಾರ ಅಂತ ಕೇಳಿ ಜೀವ ಬಂತು ನೋಡ್ರಿ. ನಮ್ಮ ಹಳ್ಳ್ಯಾಗ ಬ್ರೆಡ್ಡ ಎಲ್ಲಿ ಸಿಗಬೇಕು? ಇಲ್ಲೇ, ನಿಮ್ಮ ಮನಿಯಾಗ ಇರ್ಲಿ ಅಂವ."

"ನಮ್ಮನಿಯಾಗ ಯಾರಿಗೂ ಜಡ್ಡಿಲ್ಲರೀ" ಎಂದ ಅಂದಾನಪ್ಪ.

"ಇನ್ನೆಂತಕ್ಕೆ ಮುಚ್ಚಿಡೂದು ಮಾರಾಯ್ರೇ?" ಎಂದ ಹೆಗಡೆ. "ಎಲೆ ಅಡಿಕೆ ಆಯ್ತಲ್ಲ, ನಾವೇ ಸಾಕ್ಷಿ."

ಮಗಳು ಅತ್ತು ರಂಪ ಮಾಡಿದರೆ ಬಚಾವಾದೇನೆಂದು ಅಂದಾನಪ್ಪ ಒಳಗೆ ತಿರುಗಿದ. "ಹುಡುಗಿನ್ನೂ ಒಂದ್ ಮಾತು ಕೇಳಬೇಕಲ್ಲ."

ಅನ್ನಪೂರ್ಣ ಬಾಗಿಲ ಸಂದಿಯಿಂದ ಎಲ್ಲವನ್ನೂ ಕೇಳಿದ್ದಳು. ಅತ್ತೆಯ ಮನೆಗೆ ಹೋಗಬೇಕಾಗಿಲ್ಲ, ಹುಟ್ಟಿದ ಮನೆ ಬಿಡಬೇಕಾಗಿಲ್ಲ, ಗಂಡನಿಗೆ ಒಂದು ರೊಟ್ಟಿಯನ್ನೂ ಬಡಿಯಬೇಕಾಗಿಲ್ಲ, ನೋಡಲೂ ಚೆನ್ನಾಗಿದ್ದಾನೆ. ಅವಳು ಸೆರಗು ಸರಿಪಡಿಸಿಕೊಂಡು, "ಅಪ್ಪ ಕೊಟ್ಟ ಮಾತು ನಾ ಮೀರೂದಿಲ್ಲ" ಎಂದಳು. ದುರ್ಗಮ್ಮನ ಕಣ್ಣು ತುಂಬಿ ಬಂತು.

ಮಂಜಪ್ಪ ಚಾಕು ಎತ್ತಿಕೊಂಡು, ಬೆರಳಿನಿಂದ ಅಲಗು ಸವರಿ ಮೆಚ್ಚಿ ತಲೆದೂಗಿದ.

"ಚಲೋ ಗಟ್ಟಿ ಚಾಕು ತಂದೀರಿ ಮಾವಾರ. ಬ್ರೆಡ್ಡ ತಪ್ಪಿಸಬಾರದು, ಮೈಮುರಿದು ದುಡೀಬಾರದು, ಇವೆರಡು ಸಂಭಾಳಿಸಿದ್ರ ಎಂಬತ್ತು ವರ್ಷಕ್ಕ ಮೋಸ ಇಲ್ಲ ಅಂದಾರ್ರಿ ಡಾಕ್ಟರು."