ಮಾವನ ಕಿವಿ ಮತ್ತು ನನ್ನ ಲ್ಯಾಪ್‌ಟಾಪ್

ನಮ್ಮ ಸೋದರಮಾವ ಅಲ್ಲಾಡಿಸಿ ನೋಡದೆ ನಂಬುವ ವಸ್ತು ಈ ಭೂಮಿಯ ಮೇಲೆ ಒಂದೂ ಇಲ್ಲ!

ತಪ್ಪು ಅವರದಲ್ಲ, ನಮ್ಮ ಹೊನ್ನವಳ್ಳಿ ಸೀಮೆಯದು. ಇಲ್ಲಿ ತೆಂಗಿನಕಾಯಿಯನ್ನು ಅಟ್ಟಕ್ಕೇರಿಸಿ ಹೆಚ್ಚುಕಡಿಮೆ ಒಂದು ವರ್ಷ ಕಾಯುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಆಯಿತೋ ಇಲ್ಲವೋ ತಿಳಿಯಲು ಒಡೆಯಬೇಕಾಗಿಲ್ಲ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು. ಗುಡುಗುಡು ಎಂದರೆ ಗಟ್ಟಿ ಕೊಬ್ಬರಿ. ವರ್ಷ ಕಳೆದರೂ ಸದ್ದಿಲ್ಲವೇ? ಕೊಳೆತಿದೆ, ಕೈ ಬಿಡಿ.

ಮಾವ ಈ ವಿದ್ಯೆಯನ್ನು ಅಟ್ಟದಲ್ಲೇ ಬಿಟ್ಟು ಕೆಳಗಿಳಿಯಲಿಲ್ಲ. ಗಡಿಯಾರ ನಿಂತರೆ ಅಲ್ಲಾಡಿಸುತ್ತಾರೆ. ಮೊಬೈಲಿಗೆ ಸಿಗ್ನಲ್ ಸಿಗದಿದ್ದರೆ ಅಲ್ಲಾಡಿಸುತ್ತಾರೆ. ಗ್ಯಾಸ್ ಸಿಲಿಂಡರನ್ನು ಎತ್ತಲಾಗದ್ದಕ್ಕೆ ಅತ್ತೆಯ ಕೈಯಲ್ಲಿ ವಾಲಿಸಿ ತಾವು ನೆಲಕ್ಕೆ ಕೂತು ಕಿವಿ ಕೊಡುತ್ತಾರೆ. ನನ್ನನ್ನು ನೋಡಲು ಬಂದ ಗಂಡಿನ ತಲೆಯನ್ನು ಮಾತ್ರ ಹಿಡಿಯಲಿಲ್ಲ. ಅದೇ ನಮ್ಮ ಪುಣ್ಯ!

ಆದರೆ ಒಂದು ಮಾತು. ಕಾಯಿಯ ಸದ್ದಿನ ವಿಷಯದಲ್ಲಿ ಅವರು ಯಾರಿಗೂ ಸುಳ್ಳು ಹೇಳಿದವರಲ್ಲ. ಒಮ್ಮೆ ತುರುವೇಕೆರೆಯ ಬೀಗರು ಊಟವಾದ ಮೇಲೆ ತಮ್ಮ ಅಟ್ಟದ ಕಾಯಿಯೊಂದನ್ನು ಹೆಮ್ಮೆಯಿಂದ ಕೈಗಿತ್ತರು. ಮಾವ ಅಲ್ಲಾಡಿಸಿದರು.

“ಕೊಳ್ತೈತೆ ಕಣ್ರೀ.”

“ಇನ್ನೊಂದ್ ಸಲ ಕೇಳಿ ಬೀಗರೇ, ಹೊಟ್ಟೆ ತುಂಬೈತೆ ನಿಮ್ಗೆ.”

“ತುಂಬಿರೋದು ಹೊಟ್ಟೆ ಕಣ್ರೀ, ಕಿವಿಯಲ್ಲ!”

ಆರು ತಿಂಗಳು ಮಾತಿಲ್ಲ, ಕತೆಯಿಲ್ಲ.

ಇಂಥವರನ್ನು ಕಟ್ಟಿಕೊಂಡು ನಾನು ಎಂ.ಎ. ಕಿರುಪ್ರಬಂಧ ಒಪ್ಪಿಸಲು ತುಮಕೂರಿಗೆ ಹೊರಟೆ. ಅಂದೇ ಕೊನೆಯ ದಿನ, ಸಂಜೆ ಐದರೊಳಗೆ ಪ್ರಿಂಟ್ ತೆಗೆಸಿ, ಬೈಂಡ್ ಮಾಡಿಸಿ ಕೊಡಬೇಕು. ನಮ್ಮ ಮನೆಯಲ್ಲಿ ಹತ್ತನೇ ತರಗತಿ ದಾಟಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ಸಂಕೋಚವಿಲ್ಲ, ಬೆಳಿಗ್ಗೆ ಹಾಲು ಕರೆದಿಟ್ಟು ಬಸ್ಸಿಗೆ ಓಡಿ ಓದಿದ್ದೇನೆ. ಮನೆಪಾಠ ಹೇಳಿ ಕೊಂಡ ಹಳೇ ಲ್ಯಾಪ್‌ಟಾಪಿನಲ್ಲಿ ಪ್ರಬಂಧವೆಲ್ಲ ಇತ್ತು. ಬೇರೆಲ್ಲೂ ಇರಲಿಲ್ಲ. ಪೆನ್‌ಡ್ರೈವಿಗೂ ಹಾಕಿಕೋ ಎಂದು ಗೆಳತಿ ಹೇಳಿದ್ದಳು. ಕೇಳಬೇಕಲ್ಲ ನಾನು!

“ಗುರುಗಳ ಮುಂದೆ ಬರಿಗೈಲಿ ನಿಂತ್ಕೊಂತಾರೇನೇ?” ಎಂದು ಮಾವ ಇಪ್ಪತ್ತು ಕಾಯಿಯ ಚೀಲ ಹೊತ್ತು ತಂದರು. ಬಸ್ಸಿನಲ್ಲಿ ಅದನ್ನು ನನ್ನ ತಲೆಯ ಮೇಲಿನ ಕಂಬಿಗಳ ನಡುವೆ ತುರುಕಿದರು. ತಿಪಟೂರು ಹತ್ತಿರವಾಯಿತು, ಎಮ್ಮೆಯೊಂದು ಅಡ್ಡ ಬಂತು, ಡ್ರೈವರ್ ಬ್ರೇಕ್ ಒತ್ತಿದ. ಚೀಲ ನೇರವಾಗಿ ನನ್ನ ತೊಡೆಯ ಮೇಲಿದ್ದ ಲ್ಯಾಪ್‌ಟಾಪಿನ ಮೇಲೆ ಬಿತ್ತು.

ತೆಗೆದು ನೋಡಿದರೆ ಪರದೆ ಜೇಡರ ಬಲೆ. ಗುಂಡಿ ಒತ್ತಿದರೆ ಉಸಿರಿಲ್ಲ. ನನಗೆ ಅಳುವೂ ಬರಲಿಲ್ಲ. ಮಾವ ಅದನ್ನು ಎತ್ತಿ, ಕಿವಿಗೆ ಹಿಡಿದು ಅಲ್ಲಾಡಿಸಿದರು. ಇಡೀ ಬಸ್ಸು ಕತ್ತು ತಿರುಗಿಸಿತು. ಕಂಡಕ್ಟರ್ ಸೀಟಿಯನ್ನು ಬಾಯಿಂದ ತೆಗೆದ.

“ಗುಡುಗುಡು ಅಂತೈತೆ ಕಣವ್ವ! ಚಿಪ್ಪು ಹೋದ್ರೆ ಹೋಯ್ತು ಬುಡು, ಕೊಬ್ಬರಿ ಗಟ್ಟಿಯಾಗೈತೆ!”

ನಗಬೇಡಿ, ನನಗೆ ಜೀವ ಬಂತು. ಆ ಕಿವಿ ಹೇಳಿದ ಮೇಲೆ ಮುಗಿಯಿತು!

ತಿಪಟೂರಿನ ಬಸ್‌ಸ್ಟ್ಯಾಂಡ್ ಹಿಂದೆ ಒಂದು ರಿಪೇರಿ ಅಂಗಡಿ ಹುಡುಕಿದೆವು. ದಾರಿಯುದ್ದಕ್ಕೂ ಮಾವ ಬಾಯಿ ಮುಚ್ಚಲಿಲ್ಲ. ಎಮ್ಮೆಯ ತಪ್ಪು, ಡ್ರೈವರನ ತಪ್ಪು, ಬಸ್ಸು ಮಾಡಿದವನ ತಪ್ಪು. ಅಂಗಡಿಯಾತ ಲ್ಯಾಪ್‌ಟಾಪ್ ತಿರುಗಿಸಿ ನೋಡಿದ.

“ಇದು ಏಳಲ್ಲ ಕಣಮ್ಮ. ಆದ್ರೆ ಫೈಲೆಲ್ಲ ಇರೋದು ಒಳಗಿನ ಹಾರ್ಡ್ ಡಿಸ್ಕಲ್ಲಿ. ಅದನ್ನ ಬಿಚ್ಚಿ ನನ್ನ ಕಂಪ್ಯೂಟರ್‌ಗೆ ಸಿಕ್ಕಿಸಿ ನೋಡಾಣ.”

“ಅದನ್ನೇ ಕಣಪ್ಪ ನಾನು ಹೇಳಿದ್ದು, ಉಂಡೆ ತೆಗಿ ಅಂತ! ಮೆಲ್ಲಗೆ! ಹೋಳಾದಾತು!”

“ಸ್ಕ್ರೂ ಬಿಚ್ತಿದೀನಿ ಯಜಮಾನ್ರೇ, ಮಚ್ಚಲ್ಲಿ ಹೊಡೀತಿಲ್ಲ.”

ಅಂಗೈಯಗಲದ ಡಿಸ್ಕ್ ಹೊರಬಂತು. ಆತ ಕೇಳಿದ, “ಬಿದ್ಮೇಲೆ ಒಳಗೇನಾದ್ರೂ ಸದ್ದು ಬಂತಾ?”

“ಬಂತು!” ಎಂದೆ ಹೆಮ್ಮೆಯಿಂದ. “ಗುಡುಗುಡು ಅಂತ. ನಮ್ಮ ಮಾವನೇ ಕೇಳಿದ್ದಾರೆ.”

ಆತ ಸ್ಕ್ರೂಡ್ರೈವರ್ ಕೆಳಗಿಟ್ಟ. “ಹಂಗಾದ್ರೆ ಕಷ್ಟ. ಸದ್ದು ಬಂತು ಅಂದ್ರೆ ಒಳಗೆ ಮುರಿದೈತೆ ಅಂತ. ನಾನು ಕರೆಂಟ್ ಕೊಟ್ರೆ ಇರೋದೂ ಹೋಗುತ್ತೆ. ದೊಡ್ಡ ಊರಿಗೆ ಕಳಿಸ್ಬೇಕು, ಎಷ್ಟು ವಾರ ಹಿಡಿಯುತ್ತೋ.”

ನಾನು ಕಾಯಿ ಚೀಲದ ಮೇಲೆ ಕುಸಿದು ಕೂತೆ. ಎರಡು ವರ್ಷದ ಓದು. ಸಂಜೆ ಐದು ಗಂಟೆ.

“ಬಂದಿರ್ಲಿಲ್ಲ,” ಎಂದರು ಮಾವ.

“ಏನು?”

“ಸದ್ದು ಬಂದಿರ್ಲಿಲ್ಲ ಕಣವ್ವ. ಸುಮ್ಕೆ ಹಂಗಂದೆ.” ಅವರು ಟವೆಲ್ಲನ್ನು ಕೈಯಲ್ಲಿ ಮುದುಡುತ್ತಿದ್ದರು. “ಎಲ್ಡು ಸಲ ಅಲ್ಲಾಡಿಸ್ದೆ. ಏನೂ ಇಲ್ಲ, ಸತ್ತಂಗಿತ್ತು. ಎಲ್ಲಾ ಕೊಳ್ತೋಯ್ತು ಅಂದ್ಕಂಡೆ. ನಿನ್ ಮುಖ ನೋಡ್ದೆ, ಹೇಳಕ್ಕೆ ಬಾಯಿ ಬರ್ಲಿಲ್ಲ.”

ಬೀಗರಿಗೂ ಬಾಗದ ಕಿವಿ! ಅಷ್ಟು ದಾರಿ ಬಾಯಿ ಮುಚ್ಚದೆ ಬಂದದ್ದು ಯಾಕೆಂದು ನನಗೆ ಆಗ ಹೊಳೆಯಿತು.

ಅಂಗಡಿಯಾತ ಜೋರಾಗಿ ನಕ್ಕ. “ಯಜಮಾನ್ರೇ, ಸದ್ದಿಲ್ಲ ಅಂದ್ರೆ ಇಲ್ಲಿ ಒಳ್ಳೇದು ಕಣ್ರೀ!” ಎಂದು ತಂತಿ ಸಿಕ್ಕಿಸಿದ. ಪರದೆಯ ಮೇಲೆ ನನ್ನ ಹೆಸರಿನ ಫೋಲ್ಡರ್ ಮೂಡಿತು. ತೆರೆದೆ. ಪುಟಕ್ಕೆ ಪುಟ, ಎಲ್ಲ ಇತ್ತು.

ಫೈಲುಗಳನ್ನು ಹೊಸ ಪೆನ್‌ಡ್ರೈವಿಗೆ ತುಂಬಿಸಿ ಆತ ಮಾವನ ಕೈಗೆ ಕೊಟ್ಟ. ಮಾವ ಅದನ್ನು ಅಭ್ಯಾಸಬಲದಿಂದ ಕಿವಿಯ ತನಕ ಒಯ್ದರು. ನನ್ನನ್ನು ನೋಡಿದರು. ಆಮೇಲೆ ಅಲ್ಲಾಡಿಸದೆ, ಹಾಗೆಯೇ ಇಳಿಸಿ ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.